ಮರದ ಸಾವಿಗೆ ಕಾದ ವಾಘಿನಾಕ್

ಸಿರಿವಂತ ಅತ್ತೆಯ ಮಂಚದ ಪಕ್ಕ ಕೂತು, ಇವತ್ತು ಉಸಿರಾಟ ಹೇಗಿದೆ ಎಂದು ಕೇಳುವ ಅಳಿಯಂದಿರನ್ನು ಎಲ್ಲರೂ ಕಂಡಿದ್ದೇವೆ. ನಮ್ಮೂರ ವಾಘಿನಾಕ್ ಹಾಗೆ ಕೇಳುತ್ತಿದ್ದದ್ದು ಒಂದು ಏಪ್ರಿಕಾಟ್ ಮರದ ಆರೋಗ್ಯವನ್ನು. ಅದೂ ತನ್ನದಲ್ಲ, ಪಕ್ಕದ ಮನೆ ಅರುಸ್ಯಾಕಳದು.

ವಾಘಿನಾಕ್ ದುದುಕ್ ಮಾಡುವವನು, ನಮ್ಮಲ್ಲಿ ಮಣ್ಣು ಮಾಡುವಾಗ ಊದುವ ಕೊಳಲಿನಂಥ ವಾದ್ಯ. ಜೊಂಡಿನ ಪೀಪಿ ಯಾವ ಕೆರೆಯಂಚಿನಲ್ಲಾದರೂ ಸಿಕ್ಕೀತು, ಕೊಳವೆಗೆ ಮಾತ್ರ ಏಪ್ರಿಕಾಟೇ ಬೇಕು. ಬೇರೆ ಮರದ್ದು ಊದಿದರೆ ಸತ್ತವನೂ ಪೆಟ್ಟಿಗೆಯಿಂದ ಎದ್ದು ಕೂತು ಬೈಯುತ್ತಾನೆ ಎನ್ನುವುದು ಅವನ ಸಿದ್ಧಾಂತ. ಮರ ಮುದಿಯಾಗಿರಬೇಕು. ಕಡಿದ ಮೇಲೆ ನೆರಳಲ್ಲಿ ವರ್ಷಗಟ್ಟಲೆ ಒಣಗಬೇಕು. ಅವನಿಗೆ ಎಪ್ಪತ್ತು ದಾಟಿದೆ. ಹಾಗಾಗಿ ಅವಸರ.

ಊರಲ್ಲಿ ಮುದಿ ಮರ ಅದೊಂದೇ. ಹಿಂದೆ ಯುದ್ಧದ ವರ್ಷಗಳಲ್ಲಿ, ಕರೆಂಟಿಲ್ಲದ, ಗ್ಯಾಸಿಲ್ಲದ ಕತ್ತಲೆಯ ಚಳಿಗಾಲಗಳಲ್ಲಿ ಉಳಿದವೆಲ್ಲ ಒಲೆಗೆ ಹೋದವು. ಆಲೂಗಡ್ಡೆ ಬೇಯಿಸಲು ಎಷ್ಟು ದುದುಕ್ ಸುಟ್ಟೆವೋ ದೇವರೇ ಬಲ್ಲ. ಅರುಸ್ಯಾಕ್ ಕಪಾಟು ಸುಟ್ಟಳು, ಕುರ್ಚಿ ಸುಟ್ಟಳು, ಚಪ್ಪಲಿ ಹೊಲಿಯುತ್ತಿದ್ದ ಗಂಡನ ಮರದ ಅಚ್ಚುಗಳನ್ನೂ ಸುಟ್ಟಳು. ಮರ ಮುಟ್ಟಲಿಲ್ಲ.

ಬೆಳಿಗ್ಗೆಯಾದರೆ ವಾಘಿನಾಕ್ ಅವಳ ಬೇಲಿಯ ಬಳಿ ಹಾಜರು.

"ಬಂದ್ಯಾ ರಣಹದ್ದೇ?"

"ಸುಮ್ನೆ ಹೇಗಿದೀರ ನೋಡೋಣ ಅಂತ, ಅಕ್ಕಾ."

"ನಾನಾ, ಮರನಾ?"

"ಇಬ್ರೂ."

"ಇಬ್ರೂ ಗಟ್ಟಿಮುಟ್ಟಾಗಿದೀವಿ. ಕಾಫಿ ಕುಡಿದು ಹೊರಡು."

ಒಂದು ದಿನ ಬೇಸತ್ತು ಅವಳು ರೊಟ್ಟಿ ಮುಟ್ಟಿ ಆಣೆ ಮಾಡಿದಳು. "ಹಣ್ಣು ಬಿಡೋವರೆಗೆ ಗರಗಸ ತೋರಿಸ್ಬೇಡ. ಬಿಡದೆ ಹೋದ ದಿನ ನಿಂದು." ನಮ್ಮಲ್ಲಿ ರೊಟ್ಟಿಯ ಆಣೆ ತಪ್ಪಿದವರಿಗೆ ಹುಡುಗಿ ಕೊಡುವುದಿಲ್ಲ.

ಈ ನಡುವೆ ಜಿಲ್ಲೆಯ ಸಂಸ್ಕೃತಿ ಸಾಹೇಬರು ವಾಘಿನಾಕನಿಗೆ ಶಾಲು ಹೊದಿಸಿದರು. 'ಪರಂಪರೆಯ ಕಾವಲುಗಾರ' ಎಂದರು. ಅದೇ ವೇದಿಕೆಯಲ್ಲಿ ದುದುಕ್ ದನಿ ಬಂದದ್ದು ಕೀಬೋರ್ಡಿನ ಒಂದು ಗುಂಡಿಯಿಂದ. ಪೇಟೆಯ ಅಂಗಡಿಗಳಲ್ಲಿ ಸಿಕ್ಕಿದ ಮರವನ್ನು ಚಹಾದಲ್ಲಿ ಅದ್ದಿ ದುದುಕ್ ಎಂದು ಮಾರುವವರಿಗೆ ಇದೇ ಸಾಹೇಬರ ಪರವಾನಗಿ. ಕಾವಲುಗಾರನಿಗೆ ಒಂದು ತುಂಡು ಮರ ಕೊಡಿಸಲು ಯಾರೂ ಹೊರಡಲಿಲ್ಲ. ಅದನ್ನು ನಾನು ಪತ್ರಿಕೆಗೆ ಬರೆದೆ. ನನ್ನನ್ನೂ ಕರೆದು ಶಾಲು ಹೊದಿಸಬೇಕೆಂದಿದ್ದರಂತೆ.

ಕಳೆದ ವಸಂತದಲ್ಲಿ ಮರ ಅರೆಮನಸ್ಸಿನಿಂದ ಹೂಬಿಟ್ಟಿತು. ಬುಡದಿಂದಲೇ ಎರಡಾಗಿ ಕವಲೊಡೆದ ಮರ ಅದು. ಒಂದು ಕವಲು ಬೆಳ್ಳಗೆ, ಇನ್ನೊಂದು ಬೋಳು. ವಾಘಿನಾಕ್ ಗರಗಸಕ್ಕೆ ಎಣ್ಣೆ ಹಾಕಿದ. ಅಷ್ಟರಲ್ಲಿ ರೇಡಿಯೊ ಕೊರೆಯುವ ಹಿಮದ ಎಚ್ಚರಿಕೆ ಕೊಟ್ಟಿತು. ಅವನು ಮಾಡಬೇಕಾಗಿದ್ದದ್ದು ಒಂದೇ: ಕಂಬಳಿ ಹೊದ್ದು ಮಲಗುವುದು. ಹೂವು ಕಮರಿಹೋಗುತ್ತಿತ್ತು, ಹಣ್ಣು ಬರುತ್ತಿರಲಿಲ್ಲ, ಆಣೆಯ ಪ್ರಕಾರ ಮರ ಅವನದಾಗುತ್ತಿತ್ತು.

ನಸುಕಿನಲ್ಲಿ ಊರವರೆಲ್ಲ ಹೂವಿಗೆ ಹಿಮ ತಾಗದಂತೆ ಹೊಗೆಯೆಬ್ಬಿಸಲು ತೋಟಗಳಲ್ಲಿ ಹಳೆ ಟಯರು ಸುಡುತ್ತಿದ್ದೆವು. ಅರುಸ್ಯಾಕಳ ಮರದ ಬುಡದಲ್ಲೂ ಹೊಗೆ ಎದ್ದಿತು. ನೋಡಿದರೆ ವಾಘಿನಾಕ್. ಒದ್ದೆ ಹುಲ್ಲು, ಬೆರಣಿ ಒಟ್ಟಿ, ಶಾಲಿನಿಂದ ಬೀಸುತ್ತಿದ್ದಾನೆ. ಹೌದು, ಅದೇ ಶಾಲು. ಕೊನೆಗೂ ಉಪಯೋಗಕ್ಕೆ ಬಂತು.

ಮಿನಿಬಸ್ ಓಡಿಸುವ ಗುರ್ಗೆನ್ ಬಿಡಲಿಲ್ಲ. "ಮಾವ, ನಿದ್ದೆ ಮಾಡಿದ್ರೆ ಮರ ನಿಮ್ದಾಗ್ತಿತ್ತಲ್ಲ."

"ಹಿಮಕ್ಕೆ ಸಿಕ್ಕಿದ ಮರ ಸೀಳು ಬಿಡುತ್ತೆ ಕಣೋ. ಕೆಲಸಕ್ಕೆ ಬರಲ್ಲ."

"ಹಿಮ ಬೀಳೋದು ಹೂವಿಗೆ. ಕಾಂಡ ಯಾಕೆ ಸೀಳುತ್ತೆ?"

"ನಿನಗೆ ಬಸ್ಸು ಗೊತ್ತು. ಬಸ್ಸು ಓಡಿಸು."

ಬೇಸಿಗೆಯಲ್ಲಿ ಅರುಸ್ಯಾಕ್ ಬೋಗುಣಿ ತುಂಬ ಹಣ್ಣು ತಂದು ಅವನ ಮುಂದೆ ಕುಕ್ಕಿದಳು. "ತಗೋ. ನಿನ್ನ ವೈರಿ ಕಳಿಸಿದಾನೆ." ಅವನು ಒಂದು ತಿಂದ. "ಸಿಹಿ ಇದೆ," ಎಂದ, ದೂರು ಕೊಡುವವನ ದನಿಯಲ್ಲಿ.

"ಗರಗಸ ತಗೊಂಡು ಬಾ."

"ಹಣ್ಣು ಬಿಟ್ಟಿದೆಯಲ್ಲ ಅಕ್ಕಾ. ಆಣೆ ಮಾಡಿದೀಯ."

"ಆಣೆ ಮಾಡಿದ್ದು ನಾನು, ನೆನಪಿದೆ. ಈ ಕವಲು ಬಿಟ್ಟಿದೆ, ಇದು ನಂದು. ಆ ಕವಲು ಬಿಟ್ಟಿಲ್ಲ, ಅದು ನಿಂದು."

ವಾಘಿನಾಕ್ ಬೋಳು ಕವಲಿನ ಕಾಂಡವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ನೋಡಿದ. ಆಮೇಲೆ ಮೆಲ್ಲಗೆ, "ಒಣಗೋದಕ್ಕೆ ವರ್ಷಗಳು ಬೇಕು. ಅಲ್ಲೀವರೆಗೆ ನಾನಿರ್ತೀನೋ ಇಲ್ವೋ," ಎಂದ.

"ಇರಬೇಕು. ನನ್ನ ಮಣ್ಣಿಗೆ ಆ ಕೀಬೋರ್ಡಿನವನು ಬಂದ್ರೆ ನಾನು ಪೆಟ್ಟಿಗೆ ಮುಚ್ಚೋಕೆ ಬಿಡಲ್ಲ."

ಕವಲು ಈಗ ಅವನ ಕೊಟ್ಟಿಗೆಯ ನೆರಳಲ್ಲಿ, ತುಂಡುಗಳಾಗಿ, ಒಣಗುವಾಗ ಸೀಳದಂತೆ ಎರಡು ಕೊನೆಗೂ ಮೇಣ ಮೆತ್ತಿಸಿಕೊಂಡು ಮಲಗಿದೆ. ಬೆಳಿಗ್ಗೆಯಾದರೆ ಅರುಸ್ಯಾಕ್ ಕೋಲೂರಿಕೊಂಡು ಅಲ್ಲಿ ಹಾಜರು.

"ಒಣಗಿತಾ?"

"ಇಲ್ಲಕ್ಕಾ. ನಿನ್ನೆ ತಾನೇ ಕೇಳಿದ್ಯಲ್ಲ."

"ಸರಿ, ಕಾಫಿ ಕೊಡು. ನಾಳೆ ಬರ್ತೀನಿ."