ಬಾಗಿಲಿಗೆ ನೀರು ಹಾಕಿದ ಶಾಂತಲಾ

ರಾವಂದೂರಿನ ಶಾಂತಲಾ ಮೈಸೂರಿನಲ್ಲಿ ರಷ್ಯನ್ ಭಾಷೆ ಓದಲು ಸೇರಿದಾಗ, ಅದನ್ನು ಓದಿ ಏನು ಮಾಡುತ್ತಾಳೆಂದು ಕೇಳದ ನೆಂಟರಿರಲಿಲ್ಲ. ಮೂರನೆಯ ವರ್ಷ ಒಂದು ಸೆಮಿಸ್ಟರನ್ನು ರಷ್ಯಾದಲ್ಲೇ ಓದುವ ಅವಕಾಶ ಬಂತು. ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಕಜಾನ್ ನಗರದ ಅಂಚಿನ ಮರದ ಮನೆಯೊಂದಕ್ಕೆ ಹೋಗಿ ಇಳಿದಳು. ಮನೆಯೊಡತಿ ಜಿನಾಯಿದಾ ಒಂಟಿ ಮುದುಕಿ, ಮಾತು ಕಡಿಮೆ. ಅವರಿಗೆ ಒಗ್ಗದಿದ್ದರೆ ಹುಡುಗಿ ಹಾಸ್ಟೆಲಿಗೆ ಹೋಗಬೇಕೆಂದು ಅಲ್ಲಿನ ಕಾಲೇಜಿನವರು ಮೊದಲೇ ಹೇಳಿದ್ದರು. ಹಾಸ್ಟೆಲಿನ ತುಂಬ ನಮ್ಮ ದೇಶದ ಮಕ್ಕಳೇ. ಅಲ್ಲಿ ಸೇರಿದರೆ ರಷ್ಯನ್ ನಾಲಗೆಗೆ ಹತ್ತುವುದಿಲ್ಲ. ಹೇಗಾದರೂ ಈ ಅಜ್ಜಿಯ ಮನೆಯಲ್ಲೇ ಉಳಿಯಬೇಕೆಂದು ಶಾಂತಲಾ ನಿಶ್ಚಯಿಸಿದಳು.

ಅಜ್ಜಿಯ ಮನಸ್ಸು ಗೆಲ್ಲಲು ಅವಳಿಗೆ ತೋಚಿದ್ದು ಒಂದೇ ದಾರಿ. ಮೊದಲ ಶುಕ್ರವಾರ ಬೆಳಿಗ್ಗೆ ಬೇಗನೆ ಎದ್ದು, ಮೆಟ್ಟಿಲು ಗುಡಿಸಿ, ಒಂದು ಬಕೆಟ್ ನೀರು ಹಾಕಿ ತೊಳೆದಳು. ರಂಗೋಲಿಗೆ ಹಿಟ್ಟು ತರಲು ಒಳಗೆ ಹೋಗಿ ಹುಡುಕುತ್ತಿದ್ದಾಗ, ಹೊರಗೆ ನೀರು ಗಾಜಿನಂತೆ ಹೆಪ್ಪುಗಟ್ಟಿತು. ಹಾಲು ತರಲು ಹೊರಟ ಅಜ್ಜಿ ಅದರ ಮೇಲೆ ಕಾಲಿಟ್ಟು ಧೊಪ್ಪನೆ ಕುಳಿತುಬಿಟ್ಟರು.

ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ. ಅಜ್ಜಿ ಬಯ್ಯಲೂ ಇಲ್ಲ; ಸೊಂಟ ಹಿಡಿದುಕೊಂಡು ಒಳಗೆ ಹೋಗಿ ಕಾಲೇಜಿಗೆ ಫೋನ್ ಮಾಡಿದರು. ಹಾಸ್ಟೆಲಿನ ಮಾತು ಬಂದದ್ದು ಶಾಂತಲಾಳಿಗೆ ಕೇಳಿಸಿತು. ಸಂಜೆ ಕಾಲೇಜಿನ ಮೇಡಂ ಬಂದು ನೋಡುವರಂತೆ. ಅವಳು ಅಳುತ್ತ ಊರಿಗೆ ಫೋನ್ ಮಾಡಿದಳು. ತಾಯಿ ಚಿಕ್ಕಬಸಮ್ಮ ಎಲ್ಲವನ್ನೂ ಕೇಳಿ ನಕ್ಕುಬಿಟ್ಟಳು.

"ಅಲ್ಲ ಕಣವ್ವ, ಮಂಜ್ ಬೀಳೋ ಊರಲ್ಲಿ ಯಾರಾದ್ರೂ ಬಾಗ್ಲಿಗೆ ನೀರ್ ಆಕ್ತಾರಾ? ಅಳಾದ್ ಬುಡು. ಮೊದ್ಲು ಓಗಿ ಆ ಅಜ್ಜಿ ಸೊಂಟಕ್ಕೆ ಶಾಖ ಕೊಡು. ಆಮೇಲೆ ನೀ ಮಾಡಿರೋ ಘನಂದಾರಿ ಕೆಲ್ಸಾನ ನೀನೇ ಕೆರೆದು ತೆಗಿ."

ಶಾಂತಲಾ ಟವಲನ್ನು ಬಿಸಿನೀರಿಗೆ ಅದ್ದಿ, ಹಿಂಡಿ ತಂದಳು. ಅಜ್ಜಿ ಬೇಡವೆನ್ನಲಿಲ್ಲ. ನೀರೇಕೆ ಹಾಕಿದೆಯೆಂದು ಕೇಳಿದರು. ಶುಕ್ರವಾರ ಬಾಗಿಲು ತೊಳೆದರೆ ಮನೆಗೆ ಒಳ್ಳೆಯದು ಬರುತ್ತದೆಂದು ಅವಳು ತಡವರಿಸುತ್ತ ರಷ್ಯನ್ನಿನಲ್ಲಿ ತಿಳಿಸಿದಳು. ಬರುವ ಒಳ್ಳೆಯದೂ ಜಾರಿ ಬೀಳುತ್ತದಲ್ಲ ಎಂದರು ಅಜ್ಜಿ, ಮುಖ ಸಡಿಲಿಸದೆ. ಆಮೇಲೆ ಶಾಂತಲಾ ಹೊರಗೆ ಹೋಗಿ, ಕಬ್ಬಿಣದ ಸರಳಿನಿಂದ ಮಂಜುಗಡ್ಡೆಯನ್ನೆಲ್ಲ ಒಡೆದು, ಮೆಟ್ಟಿಲಿಗೆ ಒಲೆಯ ಬೂದಿ ಚೆಲ್ಲಿದಳು.

ಸಂಜೆ ಮೇಡಂ ಬಂದಾಗ ಅಜ್ಜಿ ಲೋಟಕ್ಕೆ ಚಹಾ ಬಗ್ಗಿಸುತ್ತ ಹೇಳಿದರು:

"ಇವಳು ಇಲ್ಲೇ ಇರಲಿ. ಬೀಳಿಸುವುದೂ ಗೊತ್ತು, ಎಬ್ಬಿಸುವುದೂ ಗೊತ್ತು."

ಚಳಿಗಾಲ ಮುಗಿಯುವ ತನಕ ಬಾಗಿಲ ಮಂಜು ತೆಗೆಯುವ ಕೆಲಸ ಶಾಂತಲಾಳ ಪಾಲಿಗೇ ಬಂತು. ಪಕ್ಕದ ಮನೆಯ ಹೆಂಗಸರು ಬೇಲಿಯಾಚೆಯಿಂದ ಅವಳನ್ನು ಮಾತಿಗೆಳೆಯುತ್ತಿದ್ದರು. ಸಲಿಕೆ ಊರಿಕೊಂಡು ಅವರಿಗೆ ಉತ್ತರ ಕೊಡುತ್ತ ಕೊಡುತ್ತಲೇ ಅವಳ ರಷ್ಯನ್ ಹದಕ್ಕೆ ಬಂತು.