ಅಜ್ಜಿ ಚಾರ್ಜ್ ಆಗುವ ಹೊತ್ತು

ಬರಗೂರಿನಲ್ಲಿ ನಮ್ಮ ಎದುರುಮನೆಯ ಅಜ್ಜಿ ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಜಗುಲಿಗೆ ಬಂದು, ಎಡಹೆಗಲ ಸೆರಗು ಸರಿಸಿ, ಸೂರ್ಯನಿಗೆ ಎದೆಯೊಡ್ಡಿ ಕೂತುಬಿಡುತ್ತಿತ್ತು. ಯಾರು ಮಾತಾಡಿಸಿದರೂ ಒಂದೇ ಉತ್ತರ: "ಚಾರ್ಜ್ ಆಗ್ತೈತೆ, ಸುಮ್ಕಿರು."

ಹೃದಯದೊಳಗೆ ಕರೆಂಟ್ ಸರಿಯಾಗಿ ಹರಿಯದೆ ಬಡಿತ ನಿಧಾನವಾಗಿ, ಅಜ್ಜಿ ಆಗಾಗ ತಲೆಸುತ್ತಿ ಬೀಳುತ್ತಿತ್ತು. ಡಾಕ್ಟರು ಎಡಹೆಗಲ ಕೆಳಗೆ ಚರ್ಮದಡಿ ಪೇಸ್‌ಮೇಕರ್ ಕೂರಿಸಿ, "ಬ್ಯಾಟರಿ ತುಂಬ ವರ್ಷ ಬರುತ್ತೆ, ಯೋಚನೆ ಮಾಡಬೇಡಿ" ಎಂದಿದ್ದರು. ಅಜ್ಜಿ ಯೋಚನೆ ಮಾಡಿತು. ಪಾವಗಡದ ಮಗಳ ಮನೆಗೆ ಹೋದಾಗ, ಹೊಲದ ತುಂಬ ಸೋಲಾರ್ ಹಲಗೆ ಹಾಸಿ ಬಿಸಿಲಲ್ಲೇ ಕರೆಂಟ್ ತೆಗೆಯುವುದನ್ನು ಕಣ್ಣಾರೆ ಕಂಡಿತ್ತಲ್ಲ!

ಮೋಡ ಕವಿದ ದಿನ ಅಜ್ಜಿ ಒಂದು ಕಡ್ಡಿಯನ್ನೂ ಎತ್ತಿಡುತ್ತಿರಲಿಲ್ಲ. "ಇರೋದ್ನ ಉಳಿಸ್ಕಬೇಕು ಕಣಪ್ಪ" ಎಂದು ಮಲಗಿಬಿಡುತ್ತಿತ್ತು. ಈ ಬ್ಯಾಟರಿಗೆ ಬಿಸಿಲು ಬೇಡ ಎಂದು ನಾನು ತಿಳಿಹೇಳಲು ಹೋದರೆ, "ಅದು ಇರಾದು ನಿನ್ನೆದೇಲೋ ನನ್ನೆದೇಲೋ?" ಎಂದು ಬಾಯಿ ಮುಚ್ಚಿಸಿತು.

ಡಾಕ್ಟರ ಬಾಯಿಂದಲೇ ಹೇಳಿಸೋಣವೆಂದು ತಪಾಸಣೆಗೆ ಕರೆದೊಯ್ದೆ. ಅವರು ಎದೆಯ ಮೇಲೆ ಯಂತ್ರವಿಟ್ಟು, ಪರದೆ ನೋಡಿ, "ಭೇಷ್ ಅಜ್ಜಿ, ಬ್ಯಾಟರಿ ಹೊಸದರ ಹಾಗೇ ಇದೆ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ನನ್ನ ಕಡೆ ತಿರುಗಿತು: "ಕೇಳಿಸ್ಕಂಡೇನ್ಲಾ?"

ಮರುದಿನ ಬೆಳಿಗ್ಗೆ ನೋಡಿದರೆ ಜಗುಲಿಯಲ್ಲಿ ಅಜ್ಜಿಯ ಪಕ್ಕ ನಮ್ಮಮ್ಮನೂ ಸೂರ್ಯನಿಗೆ ಎದೆಯೊಡ್ಡಿ ಕೂತಿದ್ದಳು.

"ನಿಂಗ್ಯಾವ ಪೇಸ್‌ಮೇಕರ್ ಐತಮ್ಮ?" ಎಂದೆ.

ಅಮ್ಮ ಕಣ್ಣೂ ಬಿಡಲಿಲ್ಲ. "ಚಾರ್ಜ್ ಆಗ್ತೈತೆ, ಸುಮ್ಕಿರು."