ಕರುವಿನ ಗೂಟವಾದ ಶಾಫ್ಟು

ನಮ್ಮ ಜೀಪಿನ ಮೀಟರಿನಲ್ಲಿ ಐದೇ ಅಂಕಿಗಳಿಗೆ ಜಾಗ. ತುಂಬಿದಾಗಲೆಲ್ಲ ಅದು ಸೊನ್ನೆಗೆ ಮರಳಿ, ಏನೂ ಆಗಿಲ್ಲವೆಂಬಂತೆ ಮತ್ತೆ ಶುರು ಮಾಡುತ್ತದೆ. ಎಷ್ಟು ಸಲ ಮರಳಿತೆಂದು ನನ್ನ ಯಜಮಾನರಿಗೆ ನೆನಪಿತ್ತು. ಅವರು ಹೋದ ಮೇಲೆ ಆ ಲೆಕ್ಕ ಯಾರಿಗೂ ಗೊತ್ತಿಲ್ಲ, ನನಗೆ ಬೇಕಾಗಿಯೂ ಇಲ್ಲ. ಸರ್ಕಾರಿ ಹರಾಜಿನಲ್ಲಿ ಅವರು ಹಿಡಿದು ತಂದ ಡೀಸೆಲ್ ಜೀಪು ಅದು. ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಹೋಗುವಂಥದ್ದು. ಮದುವೆಯಾಗಿ ಅಫಜಲಪುರಕ್ಕೆ ಬಂದ ಕಾನ್ವೆಂಟ್ ಹುಡುಗಿಗೆ ಅವರು ಡ್ರೈವಿಂಗ್ ಕಲಿಸಿದ್ದು ಟಾರು ರಸ್ತೆಯ ಮೇಲಲ್ಲ, ಮಣ್ಣೂರಿನ ಹತ್ತಿರ ಭೀಮಾ ದಂಡೆಯ ನಮ್ಮ ಹೊಲಕ್ಕೆ ಹೋಗುವ ಬಂಡಿದಾರಿಯಲ್ಲಿ. "ಇಲ್ಲಿ ಕಲಿತ್ರ ಎಲ್ಲಿ ಬೇಕಾದ್ರೂ ಹೊಡೀತಿ" ಎನ್ನುತ್ತಿದ್ದರು. ನಾನು ಗೇರು ತಪ್ಪಿಸಿದಾಗೆಲ್ಲ "ಓ ಮೈ ಗಾಡ್" ಅನ್ನುತ್ತಿದ್ದೆ. ಅವರು ನಗುತ್ತಿದ್ದರು. ಆ ನಗು ಆ ಸೀಟಿನಲ್ಲಿ ಈಗಲೂ ಸ್ವಲ್ಪ ಉಳಿದಿದೆ ಎಂದು ನನಗನಿಸುತ್ತದೆ. ನಾನ್‌ಸೆನ್ಸ್ ಅನ್ನುವವರು ಅನ್ನಲಿ.

ಎರೆ ಮಣ್ಣಿನ ಸೀಮೆಯಲ್ಲಿ ಗಾಡಿಯನ್ನು ಬಹುಕಾಲ ಬಾಳಿಸುವುದೆಂದರೆ ಊರಿನವರು ತಿಳಿದಂತೆ ಅದನ್ನು ದಿನಾ ತೊಳೆಯುವುದಲ್ಲ. ಹಸಿ ಎರೆಮಣ್ಣಿಗೆ ಜೋರಾಗಿ ನೀರು ಬಿಟ್ಟರೆ ಅದು ಬೇರಿಂಗಿನೊಳಗೆ, ಬ್ರೇಕಿನೊಳಗೆ ಹೋಗಿ ಕೂರುತ್ತದೆ. ಒಣಗಲು ಬಿಟ್ಟು ಕಳೆ ಕೀಳುವ ಖುರ್ಪಿಯಿಂದ ಕೆರೆದು ಕೆಡವಬೇಕು. ಗ್ರೀಸ್ ಹೊಡೆಯುವಾಗ ಹಳೆಯ ಕಪ್ಪು ಗ್ರೀಸೆಲ್ಲ ಹೊರಬಂದು ಹೊಸದರ ಬಣ್ಣ ಕಾಣುವವರೆಗೂ ಗನ್ ಒತ್ತುತ್ತಲೇ ಇರಬೇಕು. ಹಳ್ಳ ದಾಟಿದ ಮರುದಿನ ಎಕ್ಸೆಲ್ಲಿನ ಆಯಿಲ್ ಬೆರಳಿಗೆ ಹಚ್ಚಿ ನೋಡಬೇಕು. ಹಾಲು ಬೆರೆಸಿದ ಚಹಾದಂತೆ ಕಂಡರೆ ಒಳಗೆ ನೀರು ಹೊಕ್ಕಿದೆ, ಅವತ್ತೇ ಬದಲಿಸಬೇಕು. ಬೋರ್ಡಿಂಗಿನಲ್ಲಿ ನಮ್ಮ ಸಿಸ್ಟರ್ ಶನಿವಾರ ಸಾಲಾಗಿ ನಿಲ್ಲಿಸಿ ನಮ್ಮ ಶೂಗಳನ್ನು ತಪಾಸಣೆ ಮಾಡುತ್ತಿದ್ದರು. ಮೇಲಿನ ಪಾಲಿಶ್ ಅವರು ನೋಡುತ್ತಲೇ ಇರಲಿಲ್ಲ. "ಟರ್ನ್ ದೆಮ್ ಓವರ್, ಗರ್ಲ್ಸ್." ಅಡಿಭಾಗ ತೋರಿಸಬೇಕು. ನಾನು ಜೀಪನ್ನು ನೋಡುವುದೂ ಹಾಗೆಯೇ, ಅಡಿಯಿಂದ.

ಈ ಸಲದ ಮಳೆಗಾಲದಲ್ಲಿ ಮಾತ್ರ ಹಾಗೆ ನೋಡಲಾಗಲಿಲ್ಲ. ಮೊಣಕಾಲಿನ ಆಪರೇಷನ್ ಆಗಿತ್ತು. ನನ್ನಲ್ಲೂ ಈಗ ಒಂದು ಸ್ಪೇರ್ ಪಾರ್ಟ್ ಇದೆ. ಆರೈಕೆಗೆಂದು ಆಳಂದ ಕಡೆಯ ನರೋಣಾದಲ್ಲಿ ಅಕ್ಕನ ಮನೆಯಲ್ಲಿದ್ದೆ. ಉತ್ತರಿ ಮಳೆ ಬಿದ್ದ ಸುದ್ದಿ ಕೇಳಿ ಹಿಂಗಾರಿ ಜೋಳದ ಬಿತ್ತಿಗೆಗೆ ಭೂಮಿ ಹದವಾಗಿದೆಯೋ ನೋಡೋಣವೆಂದು ಅಫಜಲಪುರಕ್ಕೆ ವಾಪಸಾದೆ. ಮರುದಿನವೇ ಜೀಪು ತೆಗೆದುಕೊಂಡು ಹೊಲದ ಕಡೆ ಹೊರಟೆ. ಬಂಡಿದಾರಿಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೂತುಕೊಂಡಿತು. ಮಾಡಬೇಕಾದ್ದನ್ನೆಲ್ಲ ಮಾಡಿದೆ. ಇಳಿದು, ಹೇಗೋ ಬಗ್ಗಿ, ಮುಂದಿನ ಒಂದೊಂದು ಗಾಲಿಯ ಮಧ್ಯದಲ್ಲಿರುವ ಹಬ್ ತಿರುಗಿಸಿ ಲಾಕ್ ಮಾಡಿದೆ, ಒಳಗೆ ಬಂದು ಫೋರ್ ವೀಲಿನ ಸಣ್ಣ ಲಿವರ್ ಎಳೆದೆ. ಹಿಂದಿನ ಗಾಲಿಗಳು ಗರಗರ ತಿರುಗಿ ಕೆಸರು ಹಾರಿಸಿದವು. ಮುಂದಿನವು ಯಾರದೋ ಮದುವೆಗೆ ಬಂದ ಬೀಗರ ಹಾಗೆ ಸುಮ್ಮನೆ ನಿಂತಿದ್ದವು.

ಟ್ರ್ಯಾಕ್ಟರ್ ತಂದು ಎಳೆಸಿದ್ದು ನನ್ನ ಮೈದುನ. ಒಂದೇ ಮನೆ ನಮ್ಮದು, ಹೊಲ ಮಾತ್ರ ಬೇರೆ ಬೇರೆ ಪಾಲು. ಮನೆಗೆ ಬಂದು ಕೈಕಾಲು ತೊಳೆಯುತ್ತಲೇ ಹೇಳಿದ:

"ವೈನಿ, ಇನ್ ಸಾಕ್ ಮಾಡ್ರಿ. ಗಾಡಿಗೂ ವಯಸ್ಸಾತು, ನಿಮಗೂ ವಯಸ್ಸಾತು. ಕಲಬುರಗಿ ಗುಜರಿಯಾಂವಗ ಹೇಳೇನಿ. ಶುಕ್ರವಾರ ಬಂದು ಒಯ್ತಾನ."

"ನನ್ನೂ ಅವನ ಲಾರ್‍ಯಾಗ ಹೇರಿ ಕಳಸ್ತೀಯೇನು ತಮ್ಮಾ?"

"ಹಂಗ್ಯಾಕ ಅಂತೀರಿ? ಹೊಲಕ್ಕ ಹೋಗೂದಿದ್ರ ನನಗ ಒಂದ್ ಮಾತ್ ಹೇಳ್ರಿ. ನಾ ಕರ್ಕೊಂಡು ಹೋಗ್ತೇನಿ."

ಆ 'ಒಂದ್ ಮಾತ್ ಹೇಳ್ರಿ' ಎಂಬುದಿದೆಯಲ್ಲ, ಅದರ ಕೊನೆ ಎಲ್ಲಿಗೆ ಮುಟ್ಟುತ್ತದೆಂದು ನಾನು ಆಗಷ್ಟೇ ನರೋಣಾದಲ್ಲಿ ನೋಡಿ ಬಂದಿದ್ದೆ. ನನ್ನ ಅಕ್ಕನೂ ವಿಧವೆ. ಅವಳ ಪಾಲಿನ ಹೊಲಕ್ಕೆ ಹೋಗಲು ಮೊದಲು ಒಂದು ಮಾತು ಹೇಳುತ್ತಿದ್ದಳು. "ಇವತ್ತ ಬ್ಯಾಡ, ನಾಳೆ" ಎನ್ನುತ್ತಿದ್ದರು ಮನೆಯ ಗಂಡಸರು. ಆಮೇಲೆ ಕೇಳುವುದನ್ನೇ ಬಿಟ್ಟಳು. ಈಗ ಅವಳ ಹೊಲದಲ್ಲಿ ತೊಗರಿ ಇದೆಯೋ ಉದ್ದು ಇದೆಯೋ ಅವಳಿಗೆ ಗೊತ್ತಿಲ್ಲ. ನನ್ನ ಮೈದುನ ಕೆಟ್ಟವನಲ್ಲ. ಆದರೆ ಅವನ ಹೊಸ ಕಾರು ನೋಡಲು ಎತ್ತರವಷ್ಟೇ, ಆ ಬಂಡಿದಾರಿಗೆ ಇಳಿಯುವುದಿಲ್ಲ, ನನ್ನ ಹೊಸ ಮೊಣಕಾಲು ಆ ಕೆಸರಿನಲ್ಲಿ ಅಷ್ಟು ದೂರ ನಡೆಯುವುದಿಲ್ಲ. ಜೀಪು ಹೋದರೆ ನನ್ನ ಹೊಲ ನನಗೆ ಬರೀ ಕೇಳಿದ ಸುದ್ದಿಯಾಗುತ್ತದೆ. ಐ ವಾಸ್ ನಾಟ್ ಹ್ಯಾವಿಂಗ್ ಇಟ್, ಅದಕ್ಕೆ ನಾನು ಒಪ್ಪುವವಳಲ್ಲ.

ಮಧ್ಯಾಹ್ನ ಎಲ್ಲರೂ ಊಟ ಮಾಡಿ ಅಡ್ಡಾದಾಗ ಅಂಗಳದಲ್ಲಿ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಬೆನ್ನಿನ ಮೇಲೆ ಜಾರುತ್ತ ಜೀಪಿನ ಅಡಿಗೆ ಹೋದೆ. ಹಿಂದಿನ ಶಾಫ್ಟ್ ಇತ್ತು. ಗೇರ್‌ಬಾಕ್ಸಿನಿಂದ ಮುಂದಿನ ಎಕ್ಸೆಲ್ಲಿಗೆ ಬಲ ಒಯ್ಯುವ ಇನ್ನೊಂದು ಶಾಫ್ಟ್ ಇರಬೇಕಾದ ಕಡೆ ಏನೂ ಇರಲಿಲ್ಲ. ಬಿದ್ದು ಹೋದದ್ದಲ್ಲ, ನಟ್ಟುಗಳನ್ನು ನೀಟಾಗಿ ಬಿಚ್ಚಿದ್ದರು.

ಅಷ್ಟರಲ್ಲಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಹೊರಗೆ ಬಂದು ಗಾಡಿಯ ಕೆಳಗಿಂದ ಚಾಚಿದ್ದ ನನ್ನ ಕಾಲು ನೋಡಿ ಕಿರುಚಿದಳು.

"ಅಯ್ಯ ಅಕ್ಕಾರ! ಬಿದ್ರೇನ್ರಿ?"

"ಬಿದ್ದಿಲ್ಲ ಬೇ, ಹುಡಕಾಕತ್ತೇನಿ. ಇದರ ಮುಂದಿನ ಶಾಫ್ಟ್ ಎಲ್ಲಿ?"

"ಶಾಫ್ಟ್ ಅಂದ್ರ? ಕೊಳವಿ ಹಂಗ ಇರ್ತದಲ್ರಿ, ಎರಡೂ ತುದಿಗಿ ಕಿವಿ ಇದ್ದದ್ದು?" ಅವಳು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. "ಅದಕ್ಕ ನಮ್ಮ ಕರು ಕಟ್ಟೇವ್ರಿ! ನಿಮ್ಮ ಮೈದುನಾರೇ ಹುಗದು ನಿಲ್ಲಿಸ್ಯಾರ. ಛಲೋ ಗಟ್ಟಿ ಗೂಟ ಅದ."

ನಗುವಿನ ಸದ್ದಿಗೆ ಎದ್ದು ಬಂದ ಮೈದುನ ಸುಳ್ಳು ಹೇಳಲಿಲ್ಲ. "ಅದನ್ ತೆಗಸಿದ್ರ ಆವರೇಜ್ ಬರ್ತದ ವೈನಿ, ಡೀಸೆಲ್ ಉಳಿತದ. ಎಲ್ಲಾರೂ ತೆಗಸ್ತಾರ. ಚೌಡಾಪುರಕ್ಕ ಹೋದಾಗ ಬಿಚ್ಚಿಸಿದೆ."

ಎಲ್ಲರೂ ತೆಗೆಸುತ್ತಾರೆ, ಅದು ನಿಜ. ಟಾರು ರಸ್ತೆಯ ಮೇಲೆ ಮಂದಿಯನ್ನು ಹೇರಿಕೊಂಡು ಓಡುವ ಜೀಪುಗಳದ್ದೆಲ್ಲ ನಮ್ಮ ಕಡೆ ಮುಂದಿನ ಶಾಫ್ಟ್ ಬಿಚ್ಚಿರುತ್ತಾರೆ. ಟಾರಿನ ಮೇಲೆ ಅದು ಗೊತ್ತೂ ಆಗುವುದಿಲ್ಲ. ಎರೆಹೊಲಕ್ಕೆ ಇಳಿದಾಗ ಗೊತ್ತಾಗುತ್ತದೆ. ಆಗ ಗಾಡಿ ಮುದಿಯಾಯಿತೆಂದು ಗುಜರಿಗೆ ಕಳಿಸುತ್ತಾರೆ.

"ಎತ್ತಿನ ಮುಂದಿನ ಎರಡು ಕಾಲ್ ತೆಗದ್ರ ಮೇವೂ ಉಳಿತದ," ಎಂದೆ. "ತೆಗಿತೀಯೇನು?"

ನೆಗೆಣ್ಣಿ ಕರುವನ್ನು ಬಿಚ್ಚಿ ಬೇರೆ ಕಡೆ ಕಟ್ಟಿದಳು. ಅವಳೂ ನಾನೂ ಸೇರಿ ಗೂಟವನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತೆವು.

ಮರುದಿನ ಬೆಳಿಗ್ಗೆ ಶಾಫ್ಟನ್ನು ಗೋಣಿಯಲ್ಲಿ ಸುತ್ತಿ ಜೇವರ್ಗಿಗೆ ಹೊರಟೆ. ಹಿಂದಿನ ಗಾಲಿಗಳ ಬಲವೇ ಟಾರಿಗೆ ಸಾಕು. ಹಳೇ ಜೀಪುಗಳ ಕೆಲಸ ಬಿಡದೆ ಮಾಡುವ ಮಿಸ್ತ್ರಿ ಈಗ ನನಗೆ ಗೊತ್ತಿರುವುದು ಅಲ್ಲೊಬ್ಬರೇ. ಬಡಾಯಿಯಲ್ಲಿ ಅವರನ್ನು ಮೀರಿಸುವವರಿಲ್ಲ. ನಾನು ಇಳಿಯುವ ಮೊದಲೇ ಶುರುಮಾಡಿದರು:

"ಅಕ್ಕಾರ, ಸುಮ್ನಿರ್ರಿ, ಹೇಳಬ್ಯಾಡ್ರಿ. ಆವಾಜ್ ಅಲ್ಲಿ ದೂರದಾಗೇ ಕೇಳೇನಿ. ಗೇರ್‌ಬಾಕ್ಸ್ ಖರಾಬ್ ಆಗ್ಯಾದ."

"ಇಲ್ಲ."

"ಹಂಗಾದ್ರ ಕ್ಲಚ್. ಪಕ್ಕಾ ಕ್ಲಚ್."

"ಅದೂ ಇಲ್ಲ."

"ಯಾ ಅಲ್ಲಾ! ಹಂಗಾದ್ರ ನನ್ನ ಕಿವಿನೇ ಖರಾಬ್ ಆಗ್ಯಾವ." ಗೋಣಿ ಬಿಚ್ಚಿ ಶಾಫ್ಟ್ ಮೂಸಿ ನೋಡಿದರು. "ಇದೇನ್ರಿ, ಗ್ರೀಸ್ ಬಿಟ್ಟು ಗಂಜಲ ಹಾಕೀರಿ?"

ಕರುವಿನ ಕಥೆ ಕೇಳಿ ಅವರು ಬಹಳ ಹೊತ್ತು ನಕ್ಕರು. ಎರಡೂ ತುದಿಯ ಕೀಲುಗಳು ತುಕ್ಕು ಹಿಡಿದು ಬಿಗಿದಿದ್ದವು, ಹೊಸವನ್ನು ಕೂರಿಸಿದರು. ಅಡಿಗೆ ಹೋಗಿ ಶಾಫ್ಟ್ ಕಟ್ಟಿ ಬಂದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

"ಅಡಿಗಿನ ಚೌಕಟ್ಟು, ಚೆಸ್ಸಿ, ಒಂದ್ ಕಡೆ ಸೀಳ್ಯಾದ ಅಕ್ಕಾರ. ಖರೇ ಹೇಳ್ತೇನಿ, ಇನ್ನ ಎಷ್ಟ್ ದಿನ ಎಳೀತೀರಿ ಇದನ್ನ? ನನಗರೆ ಕೊಡ್ರಿ, ಮದವಿ ಮೆರವಣಿಗಿಗೆ ಬಣ್ಣಾ ಹಚ್ಚಿ ನಿಲ್ಲಸ್ತೇನಿ."

"ಎಷ್ಟು ದಿನ ಅಂತ ನನಗೂ ಯಾರೂ ಹೇಳಿಲ್ಲ. ಹಂಗಂತ ಡಾಕ್ಟರು ಮೊಣಕಾಲ್ ಹಾಕೂದು ಬಿಟ್ರೇನು? ವೆಲ್ಡ್ ಮಾಡ್ರಿ."

"ವೆಲ್ಡಿಂಗ್ ಮತ್ತ ಬಿಡ್ತದ."

"ಬಿಟ್ರ ಮತ್ತ ಬರ್ತೇನಿ. ಮೊದಲ ಸೀಳಿನ ತುದಿಗೆ ಒಂದು ತೂತು ಕೊರೀರಿ, ಮುಂದಕ್ಕ ಹೋಗಂಗಿಲ್ಲ. ಆಮೇಲೆ ಪಟ್ಟಿ ಇಟ್ಟು ಹಾಕ್ರಿ."

"ನನಗ ಕಲಸಾಕತ್ತೀರಾ?"

"ನೀವಽ ಕಲಿಸಿದ್ದು. ಮರತೀರಿ."

ಗೊಣಗುತ್ತಲೇ ತೂತು ಕೊರೆದರು. ನಾನು ಕುರ್ಚಿ ಹಾಕಿಸಿಕೊಂಡು, ವೆಲ್ಡಿಂಗಿನ ಬೆಳಕು ಕಣ್ಣಿಗೆ ಬೀಳದಂತೆ ಮುಖ ತಿರುಗಿಸಿ ಕೂತು, ಕೆಲಸ ಮುಗಿಯುವವರೆಗೂ ಏಳಲಿಲ್ಲ. ಸಂಜೆಯೊಳಗೆ ಮನೆ ಸೇರಿದೆ.

ಶುಕ್ರವಾರ ಬೆಳಗಾದಾಗ ಮಳೆ ಬಂದು ನಿಂತಿತ್ತು. ಮೈದುನ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು ಗುಜರಿಯವನ ದಾರಿ ಕಾಯುತ್ತಿದ್ದ.

"ಅವ ಬರೂದ್ರೊಳಗ ಹೊಲಕ್ಕ ಹೋಗಿ ಬರೂಣು, ಗಾಡಿ ಹತ್ತು," ಎಂದೆ.

"ಮತ್ತ ಸಿಕ್ಕೊಂಡ್ರ?"

"ಸಿಕ್ಕೊಂಡ್ರ ಅಲ್ಲಿಂದಾನೇ ಗುಜರಿಗೆ ಕೊಡು. ನಾ ತುಟಿ ಬಿಚ್ಚಂಗಿಲ್ಲ."

ಈ ಮಾತಿಗೆ ಅವನು ಹತ್ತಿದ. ಬಂಡಿದಾರಿಯ ಬಾಯಿಗೆ ಬಂದು ಗಾಡಿ ನಿಲ್ಲಿಸಿದೆ. "ಇಳಿ ತಮ್ಮಾ. ಹಬ್ ತಿರುಗಿಸಿ ಲಾಕ್ ಮಾಡು. ಎರಡೂ ಕಡೆ."

"ನಾನಽ?"

"ನನ್ನ ಮೊಣಕಾಲ್ ಮಡಚಂಗಿಲ್ಲ. ನಿಂದು ಮಡಚ್ತದ."

ಅವನು ಇಳಿದು, ಪ್ಯಾಂಟು ಮೇಲಕ್ಕೆಳೆದುಕೊಂಡು ಕೂತು, ಮೆತ್ತಿದ್ದ ಮಣ್ಣನ್ನು ಬೆರಳಿನಿಂದ ಕೆದಕಿ ಎರಡನ್ನೂ ತಿರುಗಿಸಿದ. ನಾನು ಲಿವರ್ ಎಳೆದೆ. ಎರೆಯಲ್ಲಿ ಜೋರು ಮಾಡುವ ಹಾಗಿಲ್ಲ, ಸಣ್ಣ ಗೇರಿನಲ್ಲಿ ಒಂದೇ ಸಮ ಹೋಗಬೇಕು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿಕೊಂಡು ಗಾಲಿ ಬಿಗಿಯುವ ಮೊದಲೇ ನಿಂತು ಕೆರೆಯಬೇಕು. ನಿಂತಾಗಲೆಲ್ಲ ಖುರ್ಪಿ ಅವನ ಕೈಗೆ ಕೊಟ್ಟೆ. ಒಂದು ಕಡೆ ಗಾಡಿಯ ಹಿಂಭಾಗ ಜಾರಿ ಬದುವಿನ ಕಡೆ ಹೊರಳಿತು. ಅವನು "ವೈನೀ!" ಎಂದು ಡ್ಯಾಶ್‌ಬೋರ್ಡ್ ಹಿಡಿದುಕೊಂಡ. ನಾನು ಬ್ರೇಕು ಮುಟ್ಟಲಿಲ್ಲ. ಮುಂದಿನ ಗಾಲಿಗಳು ಮಣ್ಣು ಕಚ್ಚಿ, ಮೂಗುದಾರ ಹಿಡಿದು ಎಳೆದಂತೆ ಇಡೀ ಗಾಡಿಯನ್ನು ಮುಂದಕ್ಕೆ ಎಳೆದವು. ಹಿಂದಿನ ಸಲ ಹೂತಿದ್ದ ಕುಣಿಯನ್ನು ದಾಟಿದೆವು. ಆಮೇಲೆ ನನ್ನ ಹೊಲದ ಬದು ಬಂತು.

ಇಳಿದು ಒಂದು ಹಿಡಿ ಮಣ್ಣು ತೆಗೆದುಕೊಂಡು ಹಿಸುಕಿದೆ. ಇನ್ನೂ ಹಸಿ. ಒಂದೆರಡು ಬಿಸಿಲು ಬಿದ್ದರೆ ಬಿತ್ತಬಹುದು. ಇದನ್ನು ನನಗೆ ಯಾರೂ ಬಂದು ಹೇಳಬೇಕಾಗಲಿಲ್ಲ.

ಮೈದುನನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವನ ಎರಡೂ ಕೈ ಮೊಣಕೈವರೆಗೆ ಎರೆಯಾಗಿತ್ತು. "ಗುಜರಿಯಾಂವ ಇರಬೇಕ್ರಿ," ಎಂದ, ಆ ಕೈಗಳನ್ನು ಎತ್ತಿ ಹಿಡಿದುಕೊಂಡೇ. ನನ್ನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಜೇಬಿನಿಂದ ಫೋನು ತೆಗೆದೆ.

"ಹಲೋ, ಗಾಡಿ ಎಲ್ಲದ್ರಿ? ನಾ ಮನಿ ಮುಂದ ನಿಂತೇನಿ," ಎಂದಿತು ಆ ಕಡೆಯ ದನಿ.

"ಗುಡ್ ಮಾರ್ನಿಂಗ್. ಗಾಡಿ ಹೊಲದಾಗ ಅದ. ಕೊಡಂಗಿಲ್ಲ."

"ಮತ್ತ ಅವರು ಕೊಡ್ತೇನಿ ಅಂದಿದ್ರಲ್ರಿ?"

ನಾನು ಮೈದುನನ ಮುಖ ನೋಡಿದೆ. ಅವನು ಗಾಡಿಯನ್ನು ನೋಡಿದ, ನಾವು ಬಂದ ದಾರಿಯನ್ನು ನೋಡಿದ, ತನ್ನ ಪ್ಯಾಂಟನ್ನೂ ನೋಡಿಕೊಂಡ. ಆಮೇಲೆ ಫೋನಿನ ಕಡೆ ಬಗ್ಗಿ ತಾನೇ ಕೂಗಿ ಹೇಳಿದ: "ಇಲ್ಲೋ ಮಾರಾಯಾ, ಅದು ನಂದಲ್ಲ, ನಮ್ಮ ವೈನೀದು. ನೀ ಚಾ ಕುಡದು ಹೋಗು."